ಫಾರ್ಮ್‌ನಲ್ಲಿ ಇಲ್ಲದ ಅರ್ಹತೆಗಳು: ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಪಿಎಚ್‌ಡಿ ಮಾಡುವವರಿಗೆ

ಎಲ್ಲರಿಗೂ ನಮಸ್ಕಾರ.

ನೀವು ಮುಂಚೆಯೇ ಬರೆದು ಕಳಿಸಿದ ಪ್ರಶ್ನೆಗಳನ್ನು ನಿನ್ನೆ ರಾತ್ರಿ ಕೂತು ಓದಿದೆ. ಎಷ್ಟು ಪರ್ಸೆಂಟ್ ಬೇಕು, ಯಾವ ಎಂಟ್ರೆನ್ಸ್ ಬರೆಯಬೇಕು, ಎಷ್ಟು ಶಿಫಾರಸು ಪತ್ರ ಕೇಳುತ್ತಾರೆ, ಮುಗಿಸಲು ಎಷ್ಟು ವರ್ಷ ಹಿಡಿಯುತ್ತದೆ, ಇಂಜಿನಿಯರಿಂಗ್ ಓದಿದವರು ಸೇರಬಹುದಾ. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ, ಉತ್ತರ ಹೇಳುತ್ತೇನೆ. ಆದರೆ ಅರ್ಜಿ ಫಾರ್ಮ್ ಕೇಳುವ ಅರ್ಹತೆ ಬೇರೆ, ಸೇರಿದ ಮೇಲೆ ನಾಲ್ಕೈದು ವರ್ಷ ನಿಮ್ಮನ್ನು ನಿಲ್ಲಿಸುವ ಅರ್ಹತೆ ಬೇರೆ. ಎರಡನೆಯದರ ಬಗ್ಗೆ ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಹಾಗಾಗಿ ಇವತ್ತಿನ ಹೆಚ್ಚಿನ ಸಮಯವನ್ನು ಅದಕ್ಕೇ ಕೊಡುತ್ತೇನೆ.

ಮೊದಲು ಫಾರ್ಮ್ ವಿಷಯ ಮುಗಿಸಿಬಿಡೋಣ. ಹೆಚ್ಚಿನ ಕಡೆ ಸ್ನಾತಕೋತ್ತರ ಪದವಿ ಬೇಕು. ಅಮೆರಿಕದಲ್ಲಿ ಮಾತ್ರ ಎಷ್ಟೋ ವಿಭಾಗಗಳು ಪದವಿ ಮುಗಿಸಿದವರನ್ನು ನೇರವಾಗಿ ಪಿಎಚ್‌ಡಿಗೆ ತೆಗೆದುಕೊಳ್ಳುತ್ತವೆ, ಮೊದಲ ಎರಡು ವರ್ಷ ಪಾಠ ಹೇಳುತ್ತವೆ, ಆಮೇಲೆ ಒಂದು ದೊಡ್ಡ ಪರೀಕ್ಷೆ ಇಡುತ್ತವೆ, ಅದರಲ್ಲಿ ಪಾಸಾದ ಮೇಲೆಯೇ ಸಂಶೋಧನೆ ಶುರು. ಒಟ್ಟು ಐದರಿಂದ ಏಳು ವರ್ಷ ಹಿಡಿಯುವುದು ಮಾಮೂಲು. ಬ್ರಿಟನ್‌ನಲ್ಲಿ ಹಾಗಲ್ಲ. ಸೇರುವಾಗಲೇ ಕೈಯಲ್ಲಿ ಸಂಶೋಧನಾ ಪ್ರಸ್ತಾವನೆ ಇರಬೇಕು. ಮೊದಲ ವರ್ಷದ ಕೊನೆಯ ಹೊತ್ತಿಗೆ ನಿಮ್ಮ ಬರವಣಿಗೆಯನ್ನು ನೋಡಿ ಮುಂದುವರಿಸಬೇಕೋ ಬೇಡವೋ ಎಂದು ಒಂದು ಸಮಿತಿ ತೀರ್ಮಾನಿಸುತ್ತದೆ. ಮೂರು-ನಾಲ್ಕು ವರ್ಷದಲ್ಲಿ ಎಂಬತ್ತು ಸಾವಿರದಿಂದ ಒಂದು ಲಕ್ಷ ಪದಗಳ ಥೀಸಿಸ್ ಕೊಡಬೇಕು. ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ ಕಡೆ ಪಿಎಚ್‌ಡಿ ಅಂದರೆ ಸಾಮಾನ್ಯವಾಗಿ ಒಂದು ಕೆಲಸ. ಜಾಹೀರಾತು ಬರುತ್ತದೆ, ಸಂದರ್ಶನ ನಡೆಯುತ್ತದೆ, ಸಂಬಳ ಕೊಡುತ್ತಾರೆ. ಭಾರತದಲ್ಲಿ ಯುಜಿಸಿಯ 2022ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ 55 ಬೇಕು, ಅಥವಾ ನಾಲ್ಕು ವರ್ಷದ ಪದವಿ ಮಾಡಿದ್ದರೆ ಅದರಲ್ಲಿ ಶೇ 75. ಮೀಸಲಾತಿ ವರ್ಗಗಳಿಗೆ ಶೇ 5ರ ರಿಯಾಯಿತಿ ಇದೆ. ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಮುಗಿಸಬೇಕು. ಕಡಿಮೆ ಅಂದರೆ ಮೂರು ವರ್ಷ, ಜಾಸ್ತಿ ಅಂದರೆ ಆರು.

ಇದರ ಜೊತೆಗೆ ಅಂಕಪಟ್ಟಿ, ಎರಡು ಅಥವಾ ಮೂರು ಶಿಫಾರಸು ಪತ್ರ, ನೀವೇ ಬರೆದ ಒಂದು ಒಳ್ಳೆಯ ಪ್ರಬಂಧ, ಇಂಗ್ಲಿಷ್‌ನಲ್ಲಿ ಓದದವರಿಗೆ ಭಾಷಾ ಪರೀಕ್ಷೆ, ಕೆಲವು ಅಮೆರಿಕನ್ ವಿಭಾಗಗಳಿಗೆ ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆ. ಶಿಫಾರಸು ಪತ್ರದ ಬಗ್ಗೆ ಒಂದೇ ಮಾತು. ದೊಡ್ಡ ಹುದ್ದೆಯಲ್ಲಿರುವವರ ಪತ್ರ ಅಂತ ಓಡಾಡಬೇಡಿ. ನಿಮ್ಮ ಬರವಣಿಗೆಯನ್ನು ಕೂತು ಓದಿದ, ತಿದ್ದಿದ ಮೇಷ್ಟರು ಬರೆಯುವ ಅರ್ಧ ಪುಟ ಅದಕ್ಕಿಂತ ಎಷ್ಟೋ ಮೇಲು. ಪತ್ರ ಓದುವವರಿಗೆ ಆ ವ್ಯತ್ಯಾಸ ಎರಡು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

ಇಂಜಿನಿಯರಿಂಗ್ ಓದಿದವರು ಸೇರಬಹುದಾ ಅಂದರೆ, ಬಹಳ ಕಡೆ ಸೇರಬಹುದು. ಈ ವಿಷಯ ಹುಟ್ಟಿದ್ದೇ ಬೇರೆ ಬೇರೆ ಕಡೆಯಿಂದ ಬಂದವರು ಒಂದು ಕಡೆ ಸೇರಿದಾಗ. ಅಂತಾರಾಷ್ಟ್ರೀಯ ರಾಜಕೀಯಕ್ಕೇ ಅಂತ ಪ್ರಪಂಚದಲ್ಲಿ ಮೊದಲ ಅಧ್ಯಯನ ಪೀಠ ಶುರುವಾಗಿದ್ದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್ವಿತ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ಸತ್ತ ಅಲ್ಲಿನ ವಿದ್ಯಾರ್ಥಿಗಳ ನೆನಪಿಗೆ ಕೊಟ್ಟ ದತ್ತಿ ಅದು. ಇಂಥ ಯುದ್ಧ ಮತ್ತೆ ಆಗದ ಹಾಗೆ ಏನು ಮಾಡಬೇಕು ಅನ್ನುವ ತಳಮಳದಿಂದ ಬಂದ ವಿಷಯ ಇದು. ಆಮೇಲೆ 1927ರಲ್ಲಿ ಜಿನೀವಾದಲ್ಲಿ ಇದಕ್ಕೇ ಒಂದು ಸಂಸ್ಥೆ ಕಟ್ಟಿದರು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಪಾಲ್ ಮಾಂಟೂ 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ದುಭಾಷಿಯಾಗಿದ್ದವರು. ದೆಹಲಿಯಲ್ಲಿ ಇದೇ ವಿಷಯಕ್ಕೆ ಅಂತ 1955ರಲ್ಲಿ ಶುರುವಾದ ಸ್ಕೂಲ್ 1970ರಲ್ಲಿ ಜೆಎನ್‌ಯು ಜೊತೆ ಸೇರಿತು. ಇತಿಹಾಸ, ಕಾನೂನು, ಅರ್ಥಶಾಸ್ತ್ರ, ಭಾಷೆ, ಈಗ ಕಂಪ್ಯೂಟರ್ ಸೈನ್ಸ್ ಕೂಡ ಇದರೊಳಗೆ ಬರುತ್ತವೆ. ಹೊರಗಿನಿಂದ ಬಂದವರು ಒಂದು ವರ್ಷ ಗಟ್ಟಿಯಾಗಿ ಓದಿ ಹಿಂದೆ ಬಿದ್ದದ್ದನ್ನು ತುಂಬಿಕೊಳ್ಳಬೇಕು, ಅಷ್ಟೇ.

ಫಾರ್ಮ್ ಮುಗಿಯಿತು. ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ನನ್ನ ಮೊದಲ ಪ್ರಸ್ತಾವನೆ ಹದಿನಾಲ್ಕು ಪುಟ ಇತ್ತು. ಶೀತಲ ಸಮರದ ನಂತರ ಮಹಾಶಕ್ತಿಗಳ ಬದಲಾಗುತ್ತಿರುವ ಪಾತ್ರ, ಹೀಗೇನೋ ಶೀರ್ಷಿಕೆ. ತುಂಬಾ ಕಷ್ಟಪಟ್ಟು ಬರೆದಿದ್ದೆ. ನನ್ನ ಮೇಷ್ಟರು ಪೂರ್ತಿ ಓದಿ, ಒಂದು ಗೆರೆಯನ್ನೂ ಎಳೆಯದೆ ವಾಪಸ್ ಕೊಟ್ಟು, ‘ಇದರಲ್ಲಿ ನೀನು ಹೇಳಿದ್ದು ತಪ್ಪಾಗುವುದಕ್ಕೆ ಎಲ್ಲಾದರೂ ಜಾಗ ಇದೆಯೇನಪ್ಪಾ?’ ಅಂತ ಕೇಳಿದರು. ನನಗೆ ಅರ್ಥವೇ ಆಗಲಿಲ್ಲ. ತಪ್ಪಾಗಬಾರದು ಅಂತಲೇ ಅಲ್ವಾ ಅಷ್ಟು ಓದಿದ್ದು! ಮನೆಗೆ ಬಂದು ಯೋಚಿಸುತ್ತಾ ಕೂತಾಗ ನಿಧಾನವಾಗಿ ಹೊಳೆಯಿತು. ‘ಪಾತ್ರ ಬದಲಾಗುತ್ತಿದೆ’ ಅಂದರೆ ಯಾರು ಇಲ್ಲ ಅನ್ನುತ್ತಾರೆ? ಏನೇ ದಾಖಲೆ ಸಿಕ್ಕರೂ ಆ ಮಾತು ಸುಳ್ಳಾಗುವುದಿಲ್ಲ. ಸುಳ್ಳಾಗಲು ಸಾಧ್ಯವೇ ಇಲ್ಲದ ಮಾತನ್ನು ಹುಡುಕಿಕೊಂಡು ಐದು ವರ್ಷ ಯಾಕೆ ಹೋಗಬೇಕು? ಅದು ಬರೀ ವಿಷಯ ಆಗಿತ್ತು, ಪ್ರಶ್ನೆ ಆಗಿರಲಿಲ್ಲ. ಅದನ್ನು ಪ್ರಶ್ನೆ ಮಾಡಲು ನನಗೆ ಎಂಟು ತಿಂಗಳು ಹಿಡಿಯಿತು.

ಇದನ್ನು ಸುಮ್ನೆ ಹೇಳಿದರೆ ಮನಸ್ಸಿಗೆ ಹೋಗುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ, ಕೊನೆಯವರೆಗೂ ಅದನ್ನೇ ಹಿಡಿದುಕೊಂಡು ಹೋಗೋಣ.

‘ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆ.’ ಇದು ವಿಷಯ. ಇದರ ಮೇಲೆ ಭಾಷಣ ಮಾಡಬಹುದು, ಪಿಎಚ್‌ಡಿ ಮಾಡಲು ಆಗದು. ಸ್ವಲ್ಪ ಕಿರಿದು ಮಾಡಿ. 1994, ರುವಾಂಡಾ. ಅಲ್ಲಿ ಸುಮಾರು ಎರಡೂವರೆ ಸಾವಿರ ಜನರ ವಿಶ್ವಸಂಸ್ಥೆಯ ಪಡೆ ಇತ್ತು. ಏಪ್ರಿಲ್ 6ರ ರಾತ್ರಿ ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದರು. ಮರುದಿನದಿಂದಲೇ ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿ ಜನರ ಕೊಲೆ ಶುರುವಾಯಿತು. ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು ಅನ್ನುವುದು 1999ರಲ್ಲಿ ಬಂದ ವಿಶ್ವಸಂಸ್ಥೆಯ ತನಿಖಾ ವರದಿಯ ಅಂದಾಜು. ಹೀಗೆ ಕೊಲೆ ದಿನದಿಂದ ದಿನಕ್ಕೆ ಏರುತ್ತಿದ್ದಾಗ, ಏಪ್ರಿಲ್ 21ರಂದು, ಭದ್ರತಾ ಮಂಡಳಿ 912ನೇ ನಿರ್ಣಯ ಮಾಡಿತು. ಪಡೆಯನ್ನು 270 ಜನಕ್ಕೆ ಇಳಿಸಬೇಕು ಅಂತ. ಇನ್ನೂ ಒಂದು ತಿಂಗಳು ತುಂಬಿರಲಿಲ್ಲ, ಮೇ 17ರಂದು ಅದೇ ಮಂಡಳಿ 918ನೇ ನಿರ್ಣಯದಲ್ಲಿ ಪಡೆಯನ್ನು 5,500ಕ್ಕೆ ಏರಿಸಬೇಕು ಅಂದಿತು.

ಈಗ ನೋಡಿ. ಅದೇ ಮಂಡಳಿ, ಅದೇ ಹದಿನೈದು ಸದಸ್ಯರು, ಅದೇ ದೇಶ. ಎರಡೂವರೆ ಸಾವಿರದಿಂದ 270, ಅಲ್ಲಿಂದ 5,500. 26 ದಿನದಲ್ಲಿ ಏನು ಬದಲಾಯಿತು? ಇದು ಪ್ರಶ್ನೆ.

ಇದಕ್ಕೆ ಮೂರು-ನಾಲ್ಕು ಉತ್ತರ ಇರಬಹುದು. ಒಂದು, ಸೊಮಾಲಿಯಾದ ಭಯ. 1993ರ ಅಕ್ಟೋಬರ್‌ನಲ್ಲಿ ಮೊಗದಿಶುವಿನಲ್ಲಿ 18 ಅಮೆರಿಕನ್ ಸೈನಿಕರು ಸತ್ತಿದ್ದರು, ಅಮೆರಿಕಕ್ಕೆ ಇನ್ನೊಂದು ಆಫ್ರಿಕನ್ ಯುದ್ಧಕ್ಕೆ ಕೈಹಾಕುವ ಮನಸ್ಸಿರಲಿಲ್ಲ. ಎರಡು, ಬೆಲ್ಜಿಯಂ. ಏಪ್ರಿಲ್ 7ರಂದು ಹತ್ತು ಬೆಲ್ಜಿಯನ್ ಶಾಂತಿಪಾಲಕರನ್ನು ಕೊಂದ ಮೇಲೆ ಆ ದೇಶ ತನ್ನ ಸೈನಿಕರನ್ನು ವಾಪಸ್ ಕರೆಸಿಕೊಂಡಿತು. ಪಡೆಯ ಬೆನ್ನೆಲುಬೇ ಹೋದ ಮೇಲೆ ಉಳಿದವರನ್ನು ಇಟ್ಟುಕೊಂಡು ಏನು ಮಾಡುವುದು ಅನ್ನುವ ಲೆಕ್ಕ. ಮೂರು, ಮಂಡಳಿಗೆ ಸರಿಯಾದ ಸುದ್ದಿ ಮುಟ್ಟಲೇ ಇಲ್ಲ, ಅಂತರ್ಯುದ್ಧ ಅಂತ ತಿಳಿದುಕೊಂಡಿದ್ದರು. ನಾಲ್ಕು, ಆ ವರ್ಷ ರುವಾಂಡಾ ದೇಶವೇ ಭದ್ರತಾ ಮಂಡಳಿಯ ಸದಸ್ಯ ಆಗಿತ್ತು. ಕೊಲ್ಲಿಸುತ್ತಿದ್ದ ಸರ್ಕಾರದ ರಾಯಭಾರಿ ಆ ಮೇಜಿನ ಸುತ್ತಲೇ ಕೂತಿದ್ದರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಎದ್ದು ಹೋಗಿದ್ದೆ.

ಈ ನಾಲ್ಕರಲ್ಲಿ ಪ್ರತಿಯೊಂದೂ ಬೇರೆ ಬೇರೆ ಹೆಜ್ಜೆಗುರುತು ಬಿಟ್ಟಿರುತ್ತದೆ. ಸುದ್ದಿ ಮುಟ್ಟಲಿಲ್ಲ ಅನ್ನುವುದು ನಿಜವಾದರೆ, ಏಪ್ರಿಲ್ ಮಧ್ಯದಲ್ಲಿ ರಾಯಭಾರಿಗಳು ತಮ್ಮ ರಾಜಧಾನಿಗೆ ಕಳಿಸಿದ ತಂತಿಗಳಲ್ಲಿ ‘ಯುದ್ಧ’ ಅನ್ನುವ ಪದ ಇರಬೇಕು, ‘ಜನರನ್ನು ಹುಡುಕಿ ಕೊಲ್ಲುತ್ತಿದ್ದಾರೆ’ ಅನ್ನುವುದು ಇರಬಾರದು. ಎರಡನೆಯದು ಆಗಲೇ ಇದ್ದರೆ ಆ ಉತ್ತರ ಬಿದ್ದುಹೋಗುತ್ತದೆ. ಇದೇ ನನ್ನ ಮೇಷ್ಟರು ಹುಡುಕಿದ ಜಾಗ. ಒಂದು ಕಾಗದ ನಿಮ್ಮ ವಾದವನ್ನು ಕೆಡವಬಲ್ಲದು ಅನ್ನುವ ಹಾಗಿದ್ದರೆ ನಿಮ್ಮ ಹತ್ತಿರ ಪ್ರಶ್ನೆ ಇದೆ ಅಂತ ಅರ್ಥ.

ಪ್ರಶ್ನೆ ಸಿಕ್ಕಿದರೆ ಸಾಕಾ? ಸಾಲದು. ಉತ್ತರ ಇರುವ ಕಾಗದ ನಿಮ್ಮ ಕೈಗೆ ಸಿಗಬೇಕು.

ಭದ್ರತಾ ಮಂಡಳಿಯ ಬಹಿರಂಗ ಸಭೆಗಳಲ್ಲಿ ಆಡಿದ್ದೆಲ್ಲ ಅಚ್ಚಾಗಿದೆ, ವಿಶ್ವಸಂಸ್ಥೆಯ ಡಿಜಿಟಲ್ ಲೈಬ್ರರಿಯಲ್ಲಿ ಯಾರು ಬೇಕಾದರೂ ಓದಬಹುದು. ಆದರೆ ತೀರ್ಮಾನ ಆಗುವುದು ಅದಕ್ಕೂ ಮುಂಚೆ, ಬಾಗಿಲು ಹಾಕಿಕೊಂಡು ನಡೆಸುವ ಸಮಾಲೋಚನೆಯಲ್ಲಿ. ಅದಕ್ಕೆ ಅಧಿಕೃತ ನಡಾವಳಿ ಇರುವುದಿಲ್ಲ. ಹಾಗಾದರೆ ಅಲ್ಲಿ ಏನು ನಡೆಯಿತು ಅಂತ ತಿಳಿಯುವುದು ಹೇಗೆ? ಒಳಗೆ ಕೂತಿದ್ದ ರಾಜತಾಂತ್ರಿಕರು ಅವತ್ತೇ ರಾತ್ರಿ ತಮ್ಮ ವಿದೇಶಾಂಗ ಇಲಾಖೆಗೆ ಬರೆದು ಕಳಿಸಿರುತ್ತಾರೆ. ಅಂದರೆ ಒಂದು ಕೋಣೆಯಲ್ಲಿ ನಡೆದ ಮಾತು ಹದಿನೈದು ರಾಜಧಾನಿಗಳಲ್ಲಿ ಚೆದುರಿ ಬಿದ್ದಿದೆ. ಒಂದೊಂದು ದೇಶಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ. ಬ್ರಿಟನ್‌ನಲ್ಲಿ ಮೊದಲು 30 ವರ್ಷ ಕಾಯಬೇಕಿತ್ತು, 2013ರಿಂದ ಅದನ್ನು ಹಂತಹಂತವಾಗಿ 20ಕ್ಕೆ ಇಳಿಸುತ್ತಾ ಬಂದರು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ದಾಖಲೆ ಸಂಪುಟಗಳನ್ನು 1861ರಿಂದ ಪ್ರಕಟಿಸುತ್ತಾ ಬಂದಿದೆ, 30 ವರ್ಷದೊಳಗೆ ಪ್ರಕಟಿಸಬೇಕು ಅಂತ 1991ರಿಂದ ಕಾನೂನೇ ಇದೆ, ಆದರೂ ಎಷ್ಟೋ ಸಂಪುಟಗಳು ತಡವಾಗುತ್ತವೆ. ಫ್ರಾನ್ಸ್ ರುವಾಂಡಾಕ್ಕೆ ಸಂಬಂಧಿಸಿದ ಆ ಕಾಲದ ಅಧ್ಯಕ್ಷರ ಕಚೇರಿಯ ಕಡತಗಳನ್ನು ತೆರೆದದ್ದು 2021ರ ಏಪ್ರಿಲ್‌ನಲ್ಲಿ. ಹದಿನೈದು ವರ್ಷ ಹಿಂದೆ ಇದೇ ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಅದು ಸಿಗುತ್ತಿರಲಿಲ್ಲ. ನಿಮಗೆ ಸಿಗುತ್ತದೆ.

ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಚೀನಾದ ವಿದೇಶಾಂಗ ಇಲಾಖೆ 2004ರಲ್ಲಿ ತನ್ನ ಹಳೆಯ ಕಡತಗಳನ್ನು ಓದುಗರಿಗೆ ತೆರೆಯಿತು. ಎಷ್ಟೋ ಜನ ಅದನ್ನೇ ನಂಬಿಕೊಂಡು ಥೀಸಿಸ್ ಹಾಕಿಕೊಂಡರು. 2013ರ ಹೊತ್ತಿಗೆ ಅದರಲ್ಲಿ ಬಹುಪಾಲು ಮತ್ತೆ ಮುಚ್ಚಿಹೋಗಿತ್ತು. ಹಾಗಾಗಿ ಪ್ರಸ್ತಾವನೆ ಬರೆಯುವಾಗಲೇ ಕೇಳಿಕೊಳ್ಳಿ: ನಾಳೆ ಈ ಬಾಗಿಲು ಹಾಕಿದರೆ ನನ್ನ ಹತ್ತಿರ ಇನ್ನೊಂದು ದಾರಿ ಏನಿದೆ? ನಮ್ಮ ಉದಾಹರಣೆಯಲ್ಲಾದರೆ ಟಾಂಜಾನಿಯಾದ ಅರುಷಾದಲ್ಲಿ ಕೂತ, ರುವಾಂಡಾಕ್ಕೆಂದೇ ಮಾಡಿದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಮಂಡಳಿ ಇದೆ. 1994ರ ನವೆಂಬರ್‌ನಲ್ಲಿ ಸ್ಥಾಪನೆಯಾಗಿ 2015ರ ಕೊನೆಗೆ ಬಾಗಿಲು ಹಾಕಿತು. ಅದರ ಮುಂದೆ ಸಾಕ್ಷಿ ಹೇಳಿದವರ ಮಾತುಗಳು ದಾಖಲೆಯಲ್ಲಿವೆ.

ಕಾಗದ ಕೈಗೆ ಸಿಕ್ಕರೂ ಅದನ್ನು ಓದಲು ಬರಬೇಕು. ಓದುವುದು ಅಂದರೆ ಏನು ಅಂತ ಒಂದೇ ಕಾಗದದ ಮೇಲೆ ತೋರಿಸುತ್ತೇನೆ. 1994ರ ಜನವರಿ 11ರಂದು, ಅಂದರೆ ಕೊಲೆ ಶುರುವಾಗುವುದಕ್ಕೆ ಮೂರು ತಿಂಗಳ ಮುಂಚೆ, ಪಡೆಯ ಮುಖ್ಯಸ್ಥ ಜನರಲ್ ದಲ್ಲೇರ್ ರುವಾಂಡಾದ ರಾಜಧಾನಿ ಕಿಗಾಲಿಯಿಂದ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಗೆ ಒಂದು ಫ್ಯಾಕ್ಸ್ ಕಳಿಸಿದರು. ಒಬ್ಬ ಮಾಹಿತಿದಾರ ಬಂದಿದ್ದಾನೆ, ಕಿಗಾಲಿಯ ಟುಟ್ಸಿಗಳ ಪಟ್ಟಿ ಮಾಡಲು ಅವನಿಗೆ ಹೇಳಿದ್ದಾರೆ, ಅವರನ್ನು ಮುಗಿಸಲಿಕ್ಕೇ ಇದು ಅಂತ ಅವನ ಅನುಮಾನ, 20 ನಿಮಿಷದಲ್ಲಿ ಸಾವಿರ ಜನರನ್ನು ಕೊಲ್ಲಬಲ್ಲೆವು ಅನ್ನುತ್ತಾನೆ. ಇಷ್ಟೆಲ್ಲ ಅದರಲ್ಲಿದೆ. ಇವತ್ತು ಎಲ್ಲರೂ ಅದನ್ನು ‘ನರಮೇಧದ ಫ್ಯಾಕ್ಸ್’ ಅಂತ ಕರೆಯುತ್ತಾರೆ. ಆದರೆ ಮೂಲ ಕಾಗದದ ಮೇಲ್ಭಾಗ ನೋಡಿ. ವಿಷಯ ಅಂತ ಇರುವ ಕಡೆ ಬರೆದಿರುವುದು ‘ಮಾಹಿತಿದಾರನಿಗೆ ರಕ್ಷಣೆ ಕೋರಿಕೆ’ ಅಂತ. ನ್ಯೂಯಾರ್ಕ್‌ನ ಕಚೇರಿಯಲ್ಲಿ ಅವತ್ತು ಬಂದ ನೂರಾರು ಕಾಗದಗಳ ನಡುವೆ ಅದು ಹಾಗೇ ಕಾಣಿಸಿರಬೇಕು. ಇಷ್ಟು ಸ್ಪಷ್ಟವಾಗಿ ಗೊತ್ತಿದ್ದೂ ಸುಮ್ಮನಿದ್ದರು ಅಂತ ನಾವು ಇವತ್ತು ಕೋಪದಿಂದ ಹೇಳುತ್ತೇವೆ, ಆ ಕೋಪಕ್ಕೆ ಕಾರಣವೂ ಇದೆ. ಆದರೆ ಸಂಶೋಧಕರಾಗಿ ನೀವು ಮೊದಲು ಆ ದಿನದ ಆ ಮೇಜಿನ ಮುಂದೆ ಕೂರಬೇಕು. ಏನಾಯಿತು ಅಂತ ಆಮೇಲೆ ತಿಳಿದವರ ಕಣ್ಣಲ್ಲಿ ಕಾಗದ ಓದಿದರೆ ಎಲ್ಲವೂ ಮುನ್ನೆಚ್ಚರಿಕೆಯಂತೆಯೇ ಕಾಣುತ್ತದೆ. ಈ ಅಭ್ಯಾಸ ಯಾವ ಎಂಟ್ರೆನ್ಸ್‌ನಲ್ಲೂ ಕೇಳುವುದಿಲ್ಲ, ನನ್ನ ಪ್ರಕಾರ ಇದಿಲ್ಲದೆ ಈ ವಿಷಯದಲ್ಲಿ ಒಂದು ಅಧ್ಯಾಯವನ್ನೂ ಬರೆಯಲು ಆಗುವುದಿಲ್ಲ.

ಇನ್ನು ಭಾಷೆ. ಕೆಲವು ವಿಶ್ವವಿದ್ಯಾಲಯಗಳು ಎರಡನೇ ಭಾಷೆಯೊಂದರಲ್ಲಿ ಪರೀಕ್ಷೆ ಪಾಸಾಗಲೇಬೇಕು ಅನ್ನುತ್ತವೆ, ಕೆಲವು ಅನ್ನುವುದಿಲ್ಲ. ನಿಯಮ ಏನೇ ಇರಲಿ, ನಿಮ್ಮ ಪ್ರಶ್ನೆ ಯಾವ ಭಾಷೆ ಕೇಳುತ್ತದೋ ಆ ಭಾಷೆ ಬೇಕು. ರುವಾಂಡಾ ಅಂದರೆ ಫ್ರೆಂಚ್ ಇಲ್ಲದೆ ಬೆಲ್ಜಿಯಂ ಇಲ್ಲ, ಫ್ರಾನ್ಸ್ ಇಲ್ಲ. ಅಲ್ಲಿನ ಜನರ ಭಾಷೆ ಕಿನ್ಯರುವಾಂಡಾ ಬರದಿದ್ದರೆ ಜನರನ್ನು ಕೊಲ್ಲಲು ಹುರಿದುಂಬಿಸಿದ ರೇಡಿಯೊ ಪ್ರಸಾರಗಳನ್ನು ಬೇರೆಯವರ ಅನುವಾದದಲ್ಲೇ ಓದಬೇಕು.

ಅನುವಾದ ಓದಿದರೆ ಏನು ತೊಂದರೆ ಅನ್ನುವವರಿಗೆ ನಾನು ಯಾವಾಗಲೂ ಹೇಳುವ ಕತೆ ಒಂದಿದೆ. 1889ರ ಮೇ 2ರಂದು ಇಟಲಿಯೂ ಇಥಿಯೋಪಿಯಾದ ಮೆನೆಲಿಕ್ ದೊರೆಯೂ ವುಚಾಲೆ ಅನ್ನುವ ಕಡೆ ಒಪ್ಪಂದ ಮಾಡಿಕೊಂಡರು. ಎರಡು ಪ್ರತಿ, ಒಂದು ಇಟಾಲಿಯನ್, ಒಂದು ಅಮ್ಹಾರಿಕ್. ಹದಿನೇಳನೇ ಕಲಮು ಬೇರೆ ದೇಶಗಳ ಜೊತೆಗಿನ ವ್ಯವಹಾರದ ಬಗ್ಗೆ. ಅಮ್ಹಾರಿಕ್ ಪ್ರತಿಯ ಪ್ರಕಾರ ಇಥಿಯೋಪಿಯಾ ಬೇಕಿದ್ದರೆ ಇಟಲಿಯ ಮೂಲಕ ವ್ಯವಹಾರ ಮಾಡಬಹುದು. ಇಟಾಲಿಯನ್ ಪ್ರತಿಯ ಪ್ರಕಾರ ಇಟಲಿಯ ಮೂಲಕವೇ ಮಾಡಬೇಕು. ‘ಮಾಡಬಹುದು’, ‘ಮಾಡಬೇಕು’. ಎರಡನೆಯದನ್ನು ಹಿಡಿದುಕೊಂಡು ಇಟಲಿ ಇಥಿಯೋಪಿಯಾ ತನ್ನ ರಕ್ಷಣೆಯಲ್ಲಿರುವ ದೇಶ ಅಂತ ಯುರೋಪಿಗೆಲ್ಲ ಸಾರಿತು. ಮೆನೆಲಿಕ್ ಒಪ್ಪಂದವನ್ನೇ ತಳ್ಳಿಹಾಕಿದ. ಜಗಳ ಬೆಳೆದು 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಇಟಲಿಯ ಸೈನ್ಯ ಸೋತು ನೆಲಕಚ್ಚಿತು. ಇಟಾಲಿಯನ್ ಮಾತ್ರ ಬಲ್ಲ ವಿದ್ಯಾರ್ಥಿ ಈ ಕತೆ ಬರೆದಿದ್ದರೆ ಮೆನೆಲಿಕ್ ಮಾತಿಗೆ ತಪ್ಪಿದ ಅಂತ ಬರೆಯುತ್ತಿದ್ದ, ತನ್ನ ಮುಂದಿದ್ದ ದಾಖಲೆಗೆ ನಿಷ್ಠನಾಗಿಯೇ ಬರೆಯುತ್ತಿದ್ದ. ಹಾಗಾಗಿ ಅರ್ಜಿ ಹಾಕುವುದಕ್ಕೆ ಒಂದೆರಡು ವರ್ಷ ಮುಂಚೆಯೇ ಭಾಷೆ ಶುರು ಮಾಡಿ. ಮಾತನಾಡಲು ಬರದಿದ್ದರೂ ಪರವಾಗಿಲ್ಲ, ಡಿಕ್ಷನರಿ ಇಟ್ಟುಕೊಂಡು ಒಂದು ಪುಟ ಸರ್ಕಾರಿ ಪತ್ರ ಓದಲು ಬಂದರೆ ಅದು ದೊಡ್ಡ ಬಲ.

ವಿಧಾನ, ಅಂದರೆ ಮೆಥಡಾಲಜಿ. ಈ ಪದ ಕೇಳಿದರೆ ಸಾಕು, ಎಲ್ಲರ ಮುಖವೂ ಬಾಡುತ್ತದೆ. ಯಾರೋ ಇಟ್ಟ ಚೌಕಟ್ಟಿಗೆ ನಮ್ಮ ಕೆಲಸವನ್ನು ತುರುಕುವುದು ಅಂದುಕೊಂಡಿರುತ್ತಾರೆ. ನಾನು ಮೇಲೆ ಮಾಡಿದ್ದು, ನಾಲ್ಕು ಉತ್ತರ ಇಟ್ಟು ಒಂದೊಂದರ ಹೆಜ್ಜೆಗುರುತು ಹುಡುಕಿದ್ದು, ಅದೇ ಒಂದು ವಿಧಾನ. ಅದಕ್ಕೆ ಪ್ರೊಸೆಸ್ ಟ್ರೇಸಿಂಗ್ ಅನ್ನುತ್ತಾರೆ. ಸಂದರ್ಶನ ಒಂದು ವಿಧಾನ, ಹೋಲಿಕೆ ಒಂದು, ಅಂಕಿಅಂಶ ಒಂದು. ಅಂಕಿಅಂಶಕ್ಕೆ ಹೆದರಬೇಡಿ, ಆದರೆ ಕಣ್ಣುಮುಚ್ಚಿ ನಂಬಲೂ ಬೇಡಿ. ಯುದ್ಧಗಳ ಲೆಕ್ಕ ಇಡಲು ಮಿಷಿಗನ್‌ನಲ್ಲಿ 1963ರಲ್ಲಿ ಶುರುವಾದ ಕೋರಿಲೇಟ್ಸ್ ಆಫ್ ವಾರ್ ಯೋಜನೆ ಸಾವಿರ ಸೈನಿಕರು ಸತ್ತರೆ ಯುದ್ಧ ಅನ್ನುತ್ತದೆ. ಸ್ವೀಡನ್‌ನ ಉಪ್ಸಾಲಾ ವಿಶ್ವವಿದ್ಯಾಲಯದವರು ವರ್ಷಕ್ಕೆ 25 ಜನ ಕಾದಾಟದಲ್ಲಿ ಸತ್ತರೆ ಸಶಸ್ತ್ರ ಸಂಘರ್ಷ ಅಂತ ಬರೆದುಕೊಳ್ಳುತ್ತಾರೆ. ಪ್ರಪಂಚದಲ್ಲಿ ಯುದ್ಧ ಜಾಸ್ತಿಯಾಗಿದೆಯಾ ಕಮ್ಮಿಯಾಗಿದೆಯಾ ಅನ್ನುವ ಉತ್ತರ ಈ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇನ್ನೂ ಒಂದು ಇದೆ. ಉಪ್ಸಾಲಾದ ಲೆಕ್ಕದಲ್ಲಿ ನಿರಾಯುಧ ಜನರನ್ನು ಕೊಂದದ್ದು ‘ಏಕಪಕ್ಷೀಯ ಹಿಂಸೆ’ ಅನ್ನುವ ಬೇರೆ ಪಟ್ಟಿಗೆ ಹೋಗುತ್ತದೆ. ಕಾದಾಟದ ಪಟ್ಟಿಯನ್ನಷ್ಟೇ ಡೌನ್‌ಲೋಡ್ ಮಾಡಿಕೊಂಡು 1994ರ ಸಾಲಿಗೆ ಬಂದು ರುವಾಂಡಾ ನೋಡಿದವರಿಗೆ ಆ ಲಕ್ಷಾಂತರ ಜನ ಅಲ್ಲಿ ಕಾಣುವುದೇ ಇಲ್ಲ. ಪಟ್ಟಿ ಮಾಡಿದವರದ್ದು ತಪ್ಪಲ್ಲ, ಅವರು ನಿಯಮವನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಅದನ್ನು ಓದದೆ ಅಂಕಿ ಎತ್ತಿಕೊಂಡವರದ್ದು ತಪ್ಪು.

ಸಿದ್ಧಾಂತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಲಾಬಲವೇ ಎಲ್ಲ ಅನ್ನುವವರು, ಸಂಸ್ಥೆ ಮತ್ತು ವ್ಯಾಪಾರಕ್ಕೂ ಬೆಲೆ ಇದೆ ಅನ್ನುವವರು, ನಂಬಿಕೆ ಮತ್ತು ಗುರುತೇ ಹಿತಾಸಕ್ತಿಯನ್ನು ರೂಪಿಸುತ್ತದೆ ಅನ್ನುವವರು, ಈ ಎಲ್ಲ ಚಿಂತನೆಯೂ ಎಲ್ಲಿ ನಿಂತು ಯಾರ ಕಣ್ಣಿಂದ ಬಂದಿದೆ ಅಂತ ಕೇಳುವವರು, ಎಲ್ಲರನ್ನೂ ಓದಿ. ಒಬ್ಬರ ಪಕ್ಷ ಸೇರಿಕೊಂಡು ಶುರು ಮಾಡಬೇಡಿ. ನಿಮ್ಮ ಪ್ರಶ್ನೆ ಯಾರ ಹತ್ತಿರ ಹೋಗುತ್ತದೆ ಅಂತ ಅದೇ ತೋರಿಸುತ್ತದೆ.

ಗೈಡ್ ವಿಷಯಕ್ಕೆ ಬರೋಣ. ಹೆಸರು ನೋಡಿ ಹೋಗಬೇಡಿ, ಅವರು ಕಳೆದ ಐದು ವರ್ಷದಲ್ಲಿ ಏನು ಬರೆದಿದ್ದಾರೆ ನೋಡಿ. ಅವರ ಹತ್ತಿರ ಈಗ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾತಾಡಿ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಅಂತ ಕೇಳಿ. ಇದೊಂದು ಪ್ರಶ್ನೆಯಿಂದ ಎಷ್ಟೋ ತಿಳಿಯುತ್ತದೆ. ಮೊದಲ ಇಮೇಲ್ ಹೇಗಿರಬೇಕು ಅಂತ ಕೆಲವರು ಕೇಳಿದ್ದೀರಿ. ನಾಲ್ಕೈದು ಸಾಲು ಸಾಕು. ನನ್ನ ಪ್ರಶ್ನೆ ಇದು, ಇಂಥ ದಾಖಲೆಗಳು ಇಂಥಲ್ಲಿ ಇವೆ, ನಿಮ್ಮ ಇಂಥ ಲೇಖನದ ಇಂಥ ಮಾತಿನಿಂದ ಇದು ಹುಟ್ಟಿತು ಅಥವಾ ಆ ಮಾತನ್ನು ಇದು ಒಪ್ಪುವುದಿಲ್ಲ, ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ. ಅಷ್ಟೇ. ಬಾಲ್ಯದಿಂದಲೂ ಜಾಗತಿಕ ರಾಜಕೀಯದಲ್ಲಿ ಆಸಕ್ತಿ ಅನ್ನುವ ಪ್ಯಾರಾ ಬೇಡ. ಅಮೆರಿಕದಲ್ಲಿ ಪ್ರವೇಶ ಕೊಡುವುದು ವಿಭಾಗದ ಸಮಿತಿ, ಅಲ್ಲಿ ಇಂಥ ಇಮೇಲ್‌ನ ತೂಕ ಕಡಿಮೆ. ಬ್ರಿಟನ್, ಆಸ್ಟ್ರೇಲಿಯಾ ಕಡೆ ಎಷ್ಟೋ ಸಲ ಬಾಗಿಲು ತೆರೆಯುವುದೇ ಇದರಿಂದ.

ಹಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಫೆಲೋಶಿಪ್ಪೋ ಸಂಬಳವೋ ಇಲ್ಲದೆ, ಸಾಲ ಮಾಡಿ ಪೂರ್ಣಾವಧಿ ಪಿಎಚ್‌ಡಿಗೆ ಸೇರಬೇಡಿ. ಅದಕ್ಕಿಂತ ಒಂದು ವರ್ಷ ಕಾದು ಮತ್ತೆ ಅರ್ಜಿ ಹಾಕಿ. ಈ ವಿಷಯದಲ್ಲಿ ಬೇರೆ ದೇಶಗಳ ದಾಖಲೆಗೆ, ಸಂದರ್ಶನಕ್ಕೆ ಓಡಾಡುವ ಖರ್ಚು ಬೇರೆ ಇರುತ್ತದೆ. ಪ್ರಯಾಣದ ಅನುದಾನ ಪ್ರತ್ಯೇಕವಾಗಿ ಸಿಗುತ್ತದಾ ಅಂತ ಸೇರುವ ಮುಂಚೆಯೇ ಬರಹದಲ್ಲಿ ಕೇಳಿ. ನನಗೆ ಮೂರನೇ ವರ್ಷದಲ್ಲಿ ಹಣ ನಿಂತುಹೋಯಿತು. ಒಂದು ಪೂರ್ತಿ ಅಧ್ಯಾಯವನ್ನು ನಾನು ನೋಡಬೇಕಾಗಿದ್ದ ಕಡತಗಳನ್ನು ನೋಡದೆಯೇ ಬರೆದೆ. ಆ ಅಧ್ಯಾಯ ತೆಳ್ಳಗಿದೆ, ಓದಿದವರಿಗೆ ಗೊತ್ತಾಗುತ್ತದೆ, ಇವತ್ತಿಗೂ ನನಗೆ ಅದರ ಬೇಸರ ಇದೆ.

ಇನ್ನು ಅನುಮತಿ. ಜನರ ಜೊತೆ ಮಾತಾಡುವ ಸಂಶೋಧನೆ ಆದರೆ ವಿಶ್ವವಿದ್ಯಾಲಯದ ನೈತಿಕತಾ ಸಮಿತಿ ಒಪ್ಪಬೇಕು. ಇದನ್ನು ಬರೀ ಫಾರ್ಮ್ ತುಂಬುವ ಕೆಲಸ ಅಂದುಕೊಂಡವರನ್ನು ನೋಡಿದರೆ ನನಗೆ ನೋವಾಗುತ್ತದೆ. ರುವಾಂಡಾದಲ್ಲಿ ಬದುಕಿ ಉಳಿದ ಒಬ್ಬ ಹೆಂಗಸಿನ ಎದುರು ಕೂತು, ಅವತ್ತು ಏನಾಯಿತು ಹೇಳಿ ಅನ್ನುತ್ತೀರಿ. ನೀವು ರೆಕಾರ್ಡರ್ ಎತ್ತಿಕೊಂಡು ಹೋಗುತ್ತೀರಿ, ಆಕೆ ಅದೇ ಊರಿನಲ್ಲಿ, ಕೆಲವೊಮ್ಮೆ ತನ್ನ ಮನೆಯವರನ್ನು ಕೊಂದವರ ಪಕ್ಕದಲ್ಲೇ ಬದುಕಬೇಕು. ಆಕೆ ಬೇಡ ಅಂದರೆ ಬೇಡ. ಮಧ್ಯದಲ್ಲಿ ಸಾಕು ಅಂದರೆ ಸಾಕು. ಮುಂದಿನ ವರ್ಷ ಬಂದು ನನ್ನ ಮಾತು ತೆಗೆದುಹಾಕಿ ಅಂದರೆ ತೆಗೆಯಬೇಕು. ಹೆಸರು ಬದಲಾಯಿಸಿದರೆ ಸಾಲದು, ಊರು, ವಯಸ್ಸು, ಮಕ್ಕಳ ಸಂಖ್ಯೆ ಇಷ್ಟು ಕೊಟ್ಟರೆ ಗೊತ್ತಿರುವವರಿಗೆ ಯಾರು ಅಂತ ತಿಳಿದುಬಿಡುತ್ತದೆ.

ಅಪಾಯ ನಿಮಗೂ ಇದೆ. 2016ರಲ್ಲಿ ಕೈರೋದಲ್ಲಿ ಸ್ವತಂತ್ರ ಕಾರ್ಮಿಕ ಸಂಘಗಳ ಮೇಲೆ ಕೆಲಸ ಮಾಡುತ್ತಿದ್ದ ಕೇಂಬ್ರಿಜ್‌ನ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಜನವರಿಯಲ್ಲಿ ಕಾಣೆಯಾದ. ಫೆಬ್ರುವರಿಯಲ್ಲಿ ರಸ್ತೆ ಬದಿಯಲ್ಲಿ ಅವನ ಶವ ಸಿಕ್ಕಿತು, ಮೈಮೇಲೆ ಚಿತ್ರಹಿಂಸೆಯ ಗುರುತುಗಳಿದ್ದವು. ಇಪ್ಪತ್ತೆಂಟು ವರ್ಷ ವಯಸ್ಸು. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಫೀಲ್ಡ್‌ವರ್ಕ್‌ಗೆ ಹೋಗುವ ಮುಂಚೆ ಅಪಾಯದ ಅಂದಾಜು ಬರೆದುಕೊಡಿ ಅಂತ ಯಾರಾದರೂ ಕೇಳಿದರೆ, ಅಲ್ಲಿ ಯಾರ ಜೊತೆ ದಿನಾ ಸಂಪರ್ಕದಲ್ಲಿರುತ್ತೀರಿ, ಏನಾದರೂ ಆದರೆ ಯಾರು ನಿಮ್ಮನ್ನು ಹೊರಗೆ ಕರೆತರುತ್ತಾರೆ ಅಂತ ನಿಜವಾಗಿ ಯೋಚಿಸಿ ಬರೆಯಿರಿ. ನಿಮ್ಮ ಗೈಡ್ ಅದನ್ನು ಓದದೆ ಸಹಿ ಹಾಕಿದರೆ ವಾಪಸ್ ಕೊಟ್ಟು ಓದಿ ಅನ್ನಿ.

ಕೊನೆಯದು ವೈವಾ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ. ಬ್ರಿಟನ್‌ನಲ್ಲಿ ಇಬ್ಬರು ಪರೀಕ್ಷಕರು, ಒಬ್ಬರು ಒಳಗಿನವರು, ಒಬ್ಬರು ಹೊರಗಿನವರು, ಮುಚ್ಚಿದ ಕೋಣೆಯಲ್ಲಿ ಎರಡು-ಮೂರು ಗಂಟೆ. ಭಾರತದಲ್ಲಿ ಬಹಿರಂಗವಾಗಿ ನಡೆಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಎಲ್ಲರೆದುರು ಸುಮಾರು ಮುಕ್ಕಾಲು ಗಂಟೆ ಪ್ರಶ್ನೆ ಕೇಳುತ್ತಾರೆ, ಆಮೇಲೆ ಅಧಿಕಾರಿಯೊಬ್ಬರು ದಂಡ ಹಿಡಿದು ಒಳಗೆ ಬಂದು ಲ್ಯಾಟಿನ್‌ನಲ್ಲಿ ‘ಹೋರಾ ಎಸ್ಟ್’, ಸಮಯ ಆಯಿತು, ಅನ್ನುತ್ತಾರೆ. ವಾಕ್ಯದ ಮಧ್ಯದಲ್ಲಿದ್ದರೂ ನಿಲ್ಲಿಸಬಹುದು. ಎಲ್ಲ ಕಡೆಯೂ ಒಂದು ಪ್ರಶ್ನೆಗೆ ತಯಾರಾಗಿರಿ: ಯಾವ ದಾಖಲೆ ಸಿಕ್ಕಿದರೆ ನಿಮ್ಮ ತೀರ್ಮಾನ ಬದಲಾಗುತ್ತದೆ? ನನ್ನ ಮೇಷ್ಟರು ಮೊದಲ ದಿನ ಕೇಳಿದ್ದನ್ನೇ ಹೊರಗಿನ ಪರೀಕ್ಷಕರು ಬೇರೆ ಮಾತಿನಲ್ಲಿ ಕೇಳಿದರು. ಈ ಸಲ ನನ್ನ ಹತ್ತಿರ ಉತ್ತರ ಇತ್ತು, ನಾನು ನೋಡಲಾಗದ ಆ ಕಡತಗಳ ಹೆಸರನ್ನೇ ಹೇಳಿದೆ.

ಪಾಸಾದ ಮೇಲೆ ಥೀಸಿಸ್‌ನ ಪ್ರತಿಯನ್ನು ಲೈಬ್ರರಿಗೆ ಕೊಡಬೇಕು. ಈಗ ಹೆಚ್ಚಿನ ಕಡೆ ಅದು ಆನ್‌ಲೈನ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಒಂದು ಸಣ್ಣ ಚೌಕ ಇರುತ್ತದೆ, ಇಷ್ಟು ವರ್ಷ ಇದನ್ನು ತೆರೆಯಬೇಡಿ ಅಂತ ಕೇಳಿಕೊಳ್ಳುವುದಕ್ಕೆ. ಖುಷಿಯಲ್ಲಿ, ಸುಸ್ತಿನಲ್ಲಿ ಬಹಳ ಜನ ಅದನ್ನು ನೋಡದೆ ದಾಟಿಬಿಡುತ್ತಾರೆ. ನಿಮ್ಮ ಜೊತೆ ನಂಬಿ ಮಾತಾಡಿದವರಲ್ಲಿ ಒಬ್ಬರಿಗಾದರೂ ಅದರಿಂದ ತೊಂದರೆ ಆಗಬಹುದು ಅನಿಸಿದರೆ, ಆ ಚೌಕಕ್ಕೆ ಟಿಕ್ ಹಾಕಿ, ಆಮೇಲೆ ಸಬ್ಮಿಟ್ ಒತ್ತಿ.